ಗಿರಣಿಯಮ್ಮನ ಉಸಿರು

"ಖಾಲಿ ಗುಳಿಗೆ ಕೊಟ್ಟು ನನ್ನ ಸಾಯಿಸ್ತಿದ್ದಾಳೆ ಇವಳು!"

ಇಷ್ಟು ಹೇಳುವಷ್ಟರಲ್ಲಿ ಅತ್ತೆ ನಡುನಡುವೆ ನಿಂತು ನಿಂತು ಉಸಿರು ಎಳೆದುಕೊಳ್ಳಬೇಕಾಯಿತು. ಹೇಳಿ ಮುಗಿಸಿದವರೇ ಕೈಯಲ್ಲಿದ್ದ ಹೊಸ ಇನ್ಹೇಲರ್ ಅನ್ನು ಬೀಸಿ ಒಗೆದರು. ಅದು ಗೋಡೆಗೆ ಬಡಿದು, ಉರುಳಿಕೊಂಡು ಹೋಗಿ ಹಿಟ್ಟಿನ ಚೀಲಗಳ ಸಂದಿಗೆ ಬಿತ್ತು. ಊಟಕ್ಕೆ ಕೂತಿದ್ದ ಗಂಡ ತುತ್ತು ಹಿಡಿದ ಕೈಯಲ್ಲೇ ಹೆಂಡತಿಯ ಮುಖ ನೋಡಿದ. ತಾಯಿಯ ಆರೋಗ್ಯ ವಿಚಾರಿಸಲು ಬಂದಿದ್ದ ನಾದಿನಿಯೂ ನೋಡಿದಳು. ಹಾಗೆ ನೋಡಿಸಿಕೊಳ್ಳುವುದಿದೆಯಲ್ಲ, ಅದು ಬೈಸಿಕೊಳ್ಳುವುದಕ್ಕಿಂತ ಕಷ್ಟ... ಸೊಸೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು. ಮಂಡಿಯೂರಿ ಚೀಲಗಳ ಸಂದಿಯಲ್ಲಿ ತಡಕಾಡಿ ಇನ್ಹೇಲರ್ ತೆಗೆದಳು. ಅದಕ್ಕೆ ಮೆತ್ತಿದ್ದ ಹಿಟ್ಟನ್ನು 'ಉಫ್' ಎಂದು ಊದಿ, ಕಪಾಟಿನೊಳಗೆ ಇಟ್ಟಳು. ಕಣ್ಣೀರು ಬಂದರೆ ಅದಕ್ಕೂ ಒಂದು ಮಾತು ಕೇಳಬೇಕಾಗುತ್ತದೆಂದು ತಡೆದುಕೊಂಡಳು.

ಊದುವುದು ಆ ಮನೆಯ ಜಾಯಮಾನ. ಮುಂಭಾಗದಲ್ಲಿ ಹಿಟ್ಟಿನ ಗಿರಣಿ, ಹಿಂಭಾಗದಲ್ಲಿ ಸಂಸಾರ, ನಡುವೆ ಸರಿಯಾಗಿ ಮುಚ್ಚಿಕೊಳ್ಳದ ಒಂದೇ ಒಂದು ಬಾಗಿಲು. ಗೋಧಿ ಬೀಸಲಿ, ಜೋಳ ಬೀಸಲಿ, ದೂಳು ಒಳಗೆ ಬಂದು ಎಲ್ಲದರ ಮೇಲೂ ಕೂರುತ್ತಿತ್ತು. ಲೋಟವನ್ನು ಊದಿ ನೀರು ಕುಡಿಯಬೇಕು, ಕನ್ನಡಕವನ್ನು ಊದಿ ಹಾಕಿಕೊಳ್ಳಬೇಕು, ಫೋನು ಊದಿ ಕಿವಿಗಿಡಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಗೆ ಇದನ್ನು ಕಂಡು ನಗು ತಡೆಯಲಾಗುತ್ತಿರಲಿಲ್ಲ. ಗಂಡ ರಾತ್ರಿ ದಿಂಬನ್ನೂ ಊದಿ ಮಲಗುತ್ತಾನೆಂದು ತವರಿನಲ್ಲಿ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ವರ್ಷಗಳು ಕಳೆದವು. ತವರಿಗೆ ಹೋದಾಗ ಅಲ್ಲಿನ ಶುಭ್ರವಾದ ಲೋಟವನ್ನು ತಾನೇ ಊದಿದ್ದು ಕಂಡು ತಂಗಿ ನಕ್ಕಾಗ, ತಂಗಿ ಯಾಕೆ ನಗುತ್ತಿದ್ದಾಳೆಂದು ಅವಳಿಗೆ ತಿಳಿಯಲೇ ಇಲ್ಲ.

ಅತ್ತೆಯನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಗಿರಣಿಯಮ್ಮ ಎಂದು. ಅವರ ಗಂಡ ತೀರಿಕೊಂಡಾಗ ಎರಡು ಎಳೆಯ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಗಿರಣಿ ಮಾರಿಬಿಡು ಎಂದವರ ಮುಖಕ್ಕೆ ಹೊಡೆದ ಹಾಗೆ ಮರುದಿನವೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಯಂತ್ರದ ಮುಂದೆ ನಿಂತ ಹೆಂಗಸು ಅದು. ಸವೆದ ಬೀಸುಗಲ್ಲನ್ನು ತಾವೇ ಕುಟ್ಟಿ ಒರಟು ಮಾಡುತ್ತಿದ್ದರು, ಹರಿದ ಬೆಲ್ಟನ್ನು ತಾವೇ ಹೊಲಿಯುತ್ತಿದ್ದರು. ಮಕ್ಕಳನ್ನು ಸಾಕಿದ ಆ ಹಿಟ್ಟೇ ಅವರ ಶ್ವಾಸಕೋಶವನ್ನು ತಿಂದುಹಾಕಿತು. ಈಗ ಬಾಗಿಲಿನಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲಬೇಕು. ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ತಗುಲಿರಲಿಲ್ಲ. ಸೊಸೆ ಕಸ ಗುಡಿಸಿದರೆ ತಪ್ಪು, ಗುಡಿಸದಿದ್ದರೆ ಇನ್ನೂ ದೊಡ್ಡ ತಪ್ಪು.

ಮೊದಲಿದ್ದದ್ದು ಒತ್ತಿದರೆ ಬುಸ್ ಎಂದು ಬಾಯೊಳಗೆ ಬೀಳುವ ಇನ್ಹೇಲರ್. ಅತ್ತೆಯ ಬೆರಳ ಗಂಟುಗಳು ಸೆಟೆದುಕೊಂಡ ಮೇಲೆ ಒತ್ತುವುದೂ ಉಸಿರೆಳೆಯುವುದೂ ಒಟ್ಟಿಗೆ ಆಗದೆ, ಔಷಧಿಯೆಲ್ಲ ಗಂಟಲಲ್ಲೇ ಉಳಿಯತೊಡಗಿತು. ಎದೆಯ ಡಾಕ್ಟರು ಅದನ್ನು ಬದಲಿಸಿ ಪುಡಿಯ ಇನ್ಹೇಲರ್ ಬರೆದುಕೊಟ್ಟರು. ಅದರೊಳಗೆ ಪುಡಿ ತುಂಬಿದ ಗುಳಿಗೆ ಹಾಕಿ ತಿರುಗಿಸಿದರೆ ಗುಳಿಗೆ ಒಡೆದು ಪುಡಿ ಹೊರಬರುತ್ತದೆ, ಬಾಯಿಗಿಟ್ಟು ಜೋರಾಗಿ ಎಳೆದುಕೊಳ್ಳಬೇಕು. ನಾಲಿಗೆಗೆ ಸಣ್ಣಗೆ ಸಿಹಿ ಹತ್ತಿದರೆ ಒಳಗೆ ಹೋಗಿದೆಯೆಂದು ತಿಳಿಯಿರಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ ಎಂದು ನರ್ಸ್ ಹೇಳಿಕೊಟ್ಟಳು. ಅತ್ತೆಯ ಮೊದಲ ಮಾತೇ, ಜೀವಮಾನವೆಲ್ಲ ಪುಡಿ ಕುಡಿದೇ ಈ ಗತಿ ಬಂದಿದೆ, ಈಗ ಪುಡಿಯನ್ನೇ ಮದ್ದು ಅಂತೀರಲ್ಲ ಎಂದು. ಹೊರಡುವಾಗ ಡಾಕ್ಟರು ಗಿರಣಿಯ ದೂಳು ನಿಲ್ಲದಿದ್ದರೆ ಯಾವ ಔಷಧಿಯೂ ನಾಟದು ಎಂದರು. ಆ ಮಾತನ್ನು ಮನೆಗೆ ಬಂದು ಗಂಡನಿಗೆ ಒಪ್ಪಿಸಿದ್ದೇ ಸೊಸೆ ಮಾಡಿದ ಅಪರಾಧ.

"ನಾನಿರೋವಾಗಲೇ ಗಿರಣಿ ಮುಚ್ಚಿಸೋಕೆ ಹೊರಟಿದ್ದೀಯಾ? ಅದು ನಿಂತರೆ ನನ್ನುಸಿರೂ ನಿಂತ ಹಾಗೆ. ತಿಳ್ಕೋ," ಎಂದಿದ್ದರು ಅತ್ತೆ. ಅಂದಿನಿಂದ ಸೊಸೆ ಕೊಡುವ ಪ್ರತಿಯೊಂದು ಗುಳಿಗೆಯಲ್ಲೂ ಅವರಿಗೆ ಸಂಚೇ ಕಂಡಿತು.

ಪಾಪ, ಸೊಸೆ ಮಾತ್ರ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಳು. ಬೆಳಿಗ್ಗೆ, ಸಂಜೆ ತಾನೇ ಗುಳಿಗೆ ಹಾಕಿ, ತಿರುಗಿಸಿ ಕೈಗೆ ಕೊಡುತ್ತಿದ್ದಳು. ಎದುರೇ ಕೂತು ಅತ್ತೆ ಎಳೆಯುವುದನ್ನು ನೋಡುತ್ತಿದ್ದಳು. ಆಮೇಲೆ ಇನ್ಹೇಲರ್ ಬಿಚ್ಚಿ ಒಳಗೆ ಪುಡಿ ಉಳಿದಿದೆಯೋ ಎಂದು ಬೆಳಕಿಗೆ ಹಿಡಿಯುತ್ತಿದ್ದಳು. ಒಂದು ಕಣವೂ ಇರುತ್ತಿರಲಿಲ್ಲ. ಪೂರ್ತಿ ಹೋಗಿದೆ ಅತ್ತೆ ಎನ್ನುತ್ತಿದ್ದಳು. ಸಿಹಿಯೂ ಇಲ್ಲ, ಖಾರವೂ ಇಲ್ಲ, ಬರೀ ಗಾಳಿ ಎಂದು ಅತ್ತೆ ಗೊಣಗುತ್ತಿದ್ದರು. ವಾರ ಕಳೆದಂತೆ ಉಸಿರು ಇನ್ನೂ ಮೇಲೆ ಮೇಲೆ ಬಂತು. ಕೂತಲ್ಲೇ ಭುಜ ಏರಿ ಇಳಿಯತೊಡಗಿತು. ಕೊನೆಗೆ ಈ ಊಟದ ಹೊತ್ತಿನ ಮಾತು...

ಯಾರಾದರೂ ಒಂದು ಮಾತು ತನ್ನ ಪರ ಆಡಬಹುದೆಂದು ಸೊಸೆ ಕಾದಳು. ನಾಳೆಯಿಂದ ತಂಗಿಯೇ ಔಷಧಿ ಕೊಡಲಿ ಎಂದ ಗಂಡ, ತಲೆ ತಗ್ಗಿಸಿ ಊಟ ಮುಂದುವರಿಸಿದ. ನಾದಿನಿ ಗಂಡನ ಮನೆಗೆ ಹೇಳಿಕಳಿಸಿ ತವರಲ್ಲೇ ಉಳಿದಳು. ಗುಳಿಗೆಯ ಡಬ್ಬಿ ಅವಳ ಸುಪರ್ದಿಗೆ ಹೋಯಿತು. ಅವಳೂ ಅದೇ ಮನೆಯಲ್ಲಿ ಹುಟ್ಟಿ ಬೆಳೆದವಳು. ಅವಳೂ ಹಾಕಿದಳು, ತಿರುಗಿಸಿದಳು, ಕೊಟ್ಟಳು, ಬಿಚ್ಚಿ ನೋಡಿದಳು. ಖಾಲಿ. ಆದರೂ ತಾಯಿಯ ತುಟಿಯ ಬಣ್ಣ ದಿನದಿನಕ್ಕೆ ಕಂದುತ್ತ ಬಂತು. ಇಷ್ಟು ದಿನದ ವಿಷ ಇಳಿಯಲು ಹೊತ್ತು ಬೇಡವೇ ಎಂದು ಅವಳು ಸೊಸೆಗೆ ಕೇಳಿಸುವಂತೆಯೇ ಹೇಳಿದಳು.

ಅದಾದ ಕೆಲವೇ ದಿನಕ್ಕೆ, ಗಿರಣಿಯಲ್ಲಿ ಜನ ಸಾಲುಗಟ್ಟಿದ್ದ ಹೊತ್ತು. ನಾದಿನಿ ಅಂಗಡಿಗೆ ಹೋಗಿದ್ದಳು. ಸೊಸೆ ಬೀಸಿದ ಹಿಟ್ಟನ್ನು ಚೀಲಕ್ಕೆ ತುಂಬುತ್ತಿದ್ದಳು. ಯಂತ್ರದ ಸದ್ದಿನಲ್ಲಿ ಎದುರಿಗೆ ನಿಂತವರ ಮಾತೇ ಕೇಳದು. ಚೀಲ ಕಟ್ಟುವ ದಾರ ತರಲೆಂದು ಒಳಗೆ ಹೋದಳು. ಅತ್ತೆ ಮಂಚದಿಂದ ಕೆಳಗೆ ಬಿದ್ದಿದ್ದರು. ಕೈಗೆ ಸಿಕ್ಕಿದ ಸ್ಟೀಲ್ ಲೋಟವನ್ನು ನೆಲಕ್ಕೆ ಬಡಿಯುತ್ತಿದ್ದರು. ಎಷ್ಟು ಹೊತ್ತಿನಿಂದ ಬಡಿದಿದ್ದರೋ ಏನೋ, ಲೋಟದ ಅಂಚು ಸೊಟ್ಟಗಾಗಿತ್ತು. ಅಯ್ಯೋ ಅತ್ತೆ ಎಂದು ಎತ್ತಿ ತೊಡೆಯ ಮೇಲೆ ಹಾಕಿಕೊಂಡರೆ, ಆ ಸ್ಥಿತಿಯಲ್ಲೂ ಅವರು ಅವಳ ಕೈ ತಳ್ಳಿದರು.

ಆಸ್ಪತ್ರೆಯ ಬಾಗಿಲಲ್ಲಿ ಗಂಡ ಹೇಳಿದ ಮಾತನ್ನು ಅವಳು ಸಾಯುವವರೆಗೂ ಮರೆಯುವಂತಿಲ್ಲ. ಜೋರಾಗಿ ಕೂಡ ಹೇಳಲಿಲ್ಲ.

"ಅಮ್ಮಂಗೆ ಏನಾದ್ರೂ ಆದ್ರೆ ನೀನು ನಿನ್ನ ದಾರಿ ನೋಡ್ಕೋ. ಮತ್ತೆ ಮನೆಗೆ ಬರ್ಬೇಡ."

ಬೆಂಚಿನ ತುದಿಯಲ್ಲಿ ಅವಳು ಸೆರಗು ಬಾಯಿಗೊತ್ತಿ ಕೂತಳು. ತನ್ನ ಮನಸ್ಸನ್ನೇ ತಡಕಿ ನೋಡಿದಳು... ಅತ್ತೆ ಸಾಯಲಿ ಎಂದು ಒಂದು ದಿನವಾದರೂ ಅಂದುಕೊಂಡಿದ್ದೆನೇ? ಅಂದುಕೊಂಡಿದ್ದಳು. ಯಾವ ಸೊಸೆ ಅಂದುಕೊಂಡಿಲ್ಲ! ಒಂದು ಬೆಳಿಗ್ಗೆ, ಹಾಲು ಉಕ್ಕಿಸಿದ್ದಕ್ಕೆ ತವರನ್ನೆಲ್ಲ ಬೈದಾಗ. ಆ ಒಂದು ಗಳಿಗೆಯ ಪಾಪವೇ ಗುಳಿಗೆಯೊಳಗೆ ಸೇರಿತೇನೋ ಎನಿಸಿತು.

ಮುಖಕ್ಕೆ ಮಾಸ್ಕ್ ಹಾಕಿ ಹೊಗೆಯಂತೆ ಔಷಧಿ ಕೊಟ್ಟ ಮೇಲೆ ಗಿರಣಿಯಮ್ಮ ಹೇಗೋ ಉಳಿದುಕೊಂಡರು. ಎದ್ದು ಕೂರುವಂತಾದ ದಿನ ವಾರ್ಡಿನ ನರ್ಸ್ ಬಂದು, ಮನೆಯಲ್ಲಿ ಹೇಗೆ ತೆಗೆದುಕೊಳ್ಳುತ್ತಿದ್ದಿರೋ ಹಾಗೆಯೇ ಮಾಡಿ ತೋರಿಸಿ ಎಂದಳು. ಮಗ, ಮಗಳು, ಸೊಸೆ ಮಂಚದ ಸುತ್ತ ನಿಂತರು. ನರ್ಸ್ ಗುಳಿಗೆ ಹಾಕಿ, ತಿರುಗಿಸಿ ಕೊಟ್ಟ ಇನ್ಹೇಲರ್ ಅನ್ನು ಅತ್ತೆ ಕೈಗೆ ತೆಗೆದುಕೊಂಡರು. ಬಾಯಿಯ ಹತ್ತಿರ ತಂದು 'ಉಫ್' ಎಂದು ಒಮ್ಮೆ ಊದಿ, ತುಟಿಗಿಟ್ಟು ಎಳೆದರು. ಕಿಟಕಿಯ ಬಿಸಿಲಲ್ಲಿ ಒಂದು ಚಿಟಿಕೆ ಬಿಳಿ ಪುಡಿ ತೇಲುತ್ತ ಕೆಳಗಿಳಿಯಿತು.

"ಅಯ್ಯೋ ಅಜ್ಜೀ, ಔಷಧೀನೆಲ್ಲ ಊದಿಬಿಟ್ರಲ್ಲಾ!"

"ಊದದೆ ಹೆಂಗಮ್ಮ ಬಾಯಿಗಿಡೋದು?" ಎಂದರು ಅತ್ತೆ.

ನರ್ಸ್ ಉಳಿದ ಮೂವರ ಮುಖ ನೋಡಿದಳು. ಇವರಿಗೆ ಕಣ್ಣಿರಲಿಲ್ಲವೇ ಎಂಬಂತೆ ನೋಡಿದಳು. ಕಣ್ಣಿತ್ತು. ಸೊಸೆಯ ಕಣ್ಣೆದುರೇ ಪ್ರತಿ ಬೆಳಿಗ್ಗೆ, ಪ್ರತಿ ಸಂಜೆ ಊದಿದ್ದರು. ನಾದಿನಿಯ ಎದುರೂ ಊದಿದ್ದರು. ಉಸಿರಾಡುವುದನ್ನು ಯಾರಾದರೂ ಗಮನಿಸುತ್ತಾರೆಯೇ? ಆ ಮನೆಯಲ್ಲಿ ಊದುವುದೂ ಅಷ್ಟೇ ಸಹಜವಾಗಿತ್ತು. ಗಂಡ ತಲೆ ಎತ್ತಲಿಲ್ಲ. ನಾದಿನಿ ಕಿಟಕಿಯ ಕಡೆ ತಿರುಗಿದಳು. ತಾನು ನಿರಪರಾಧಿ ಎಂದು ಸೊಸೆಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಹೊರಗಿನಿಂದ ಬಂದವಳು ನಾನು, ನನಗಾದರೂ ಕಾಣಬೇಕಿತ್ತಲ್ಲ ಎಂದು ಅವಳು ಕೊರಗಿದಳು. ಅತ್ತೆಯ ಶ್ವಾಸಕೋಶದಿಂದ ಹೋದ ಶಕ್ತಿ ಮರಳಿ ಬರುವುದಿಲ್ಲ, ಇನ್ನು ಮೂಗಿಗೆ ನಳಿಕೆ ಹಾಕಿಕೊಂಡೇ ಇರಬೇಕು, ದೂಳಂತೂ ಕೂಡದೇ ಕೂಡದು ಎಂದು ಡಾಕ್ಟರು ಹೇಳಿ ಕಳಿಸಿದರು.

ಮನೆಗೆ ಆಕ್ಸಿಜನ್ ಯಂತ್ರ ಬಂತು. ನಾದಿನಿ ತನ್ನ ಮನೆಗೆ ಹೋದಳು. ಗಿರಣಿ ನಿಲ್ಲಿಸೋಣವೇ ಎಂದು ಮಗ ಕೇಳಿದಾಗ ತಾಯಿ ಗೋಡೆಗೆ ಮುಖ ತಿರುಗಿಸಿ ಮಲಗಿದರು. ಸೊಸೆ ನಡುವಿನ ಬಾಗಿಲ ಸಂದಿಗೆ ಹಳೆ ಬಟ್ಟೆ ತುರುಕಿದಳು, ಗಿರಣಿ ಮತ್ತೆ ಶುರುವಾಯಿತು. ತಪ್ಪಾಯಿತು ಎಂದು ಅತ್ತೆ ಹೇಳಲಿಲ್ಲ. ಹೇಳುವ ಪೈಕಿ ಅಲ್ಲ ಅವರು. ಸುಮ್ಮನೆ ಮಲಗಿ, ಬಾಗಿಲು ತೆರೆದಾಗಲೆಲ್ಲ ಸೊಸೆಯನ್ನು ನೋಡುತ್ತಿದ್ದರು.

ಒಂದು ಬೆಳಿಗ್ಗೆ ನೀರು ಕುಡಿದು ಗಿರಣಿಗೆ ಹೋದ ಸೊಸೆ ಬಾಗಿಲು ಎಳೆದುಕೊಳ್ಳಲು ಮರೆತಳು. ಹಿಟ್ಟು ಬೀಳುವ ಬಾಯಿಯ ಹತ್ತಿರ ಬಗ್ಗಿದ್ದಳು. ಕೆಮ್ಮು ಬಂತು. ಸೆರಗನ್ನು ಬಾಯಿಗೊತ್ತಿ, ಇನ್ನೊಂದು ಕೈಯನ್ನು ಮಂಡಿಗೆ ಊರಿ ಕೆಮ್ಮಿದಳು. ಸೆರಗಿನಿಂದಲೇ ಬಾಯಿ ಒರೆಸಿಕೊಂಡು ಮತ್ತೆ ಬಗ್ಗಿದಳು. ಇತ್ತೀಚೆಗೆ ದಿನವೂ ಹಾಗೆಯೇ. ಗಿರಣಿಯ ಸದ್ದಿನಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ.

ಗಿರಣಿಯಮ್ಮ ಮಂಚದಿಂದ ಇಳಿದರು. ಗೋಡೆ ಹಿಡಿದು ನಡೆದರು. ಮೂಗಿನ ನಳಿಕೆ ನಡುಬಾಗಿಲಿನವರೆಗೆ ಬಂದು ಬಿಗಿಯಾಯಿತು. ಅವರು ಅದನ್ನು ಕಿತ್ತು ಕೆಳಗೆ ಬಿಟ್ಟು ಹೊಸ್ತಿಲು ದಾಟಿದರು. ದೂಳಿನ ನಡುವೆ, ನಿಂತು ನಿಂತು, ಎದುರು ಗೋಡೆಯವರೆಗೆ ಹೋಗಿ ಸ್ವಿಚ್ಚನ್ನು ಕೆಳಗೆ ಎಳೆದರು. ಬೆಲ್ಟಿನ ಸುತ್ತು ನಿಧಾನವಾಗಿ ನಿಂತಿತು. ಮಗ ಓಡಿ ಬಂದು ಹಿಡಿದುಕೊಂಡ.

"ನೀನ್ಯಾಕಮ್ಮ ಎದ್ದು ಬಂದೆ? ಏನಾಯ್ತು?"

"ಇವಳ ಕೆಮ್ಮು ನೋಡ್ದೆ... ನಂಗೂ ಹಿಂಗೇ ಶುರುವಾಗಿದ್ದು." ಅತ್ತೆ ಉಸಿರಿಗಾಗಿ ಕಾದರು. "ಸಾಕು. ಯಂತ್ರ ಕೊಟ್ಟುಬಿಡು ಯಾರಿಗಾದ್ರೂ. ನೀನು ಕೂಲಿಗೆ ಹೋದ್ರೂ ಪರವಾಗಿಲ್ಲ."

ಸೊಸೆ ಹಿಟ್ಟಿನ ಕೈಯಲ್ಲೇ ಅವರ ಕಾಲು ಹಿಡಿದು ಗಳಗಳ ಅತ್ತಳು. ಅತ್ತೆ ಈ ಸಲ ಅವಳ ಕೈ ತಳ್ಳಲಿಲ್ಲ. ಅಳು ಸಾಕು, ಮೊದಲು ನನ್ನ ಮಂಚಕ್ಕೆ ಕರ್ಕೊಂಡು ಹೋಗು ಎಂದರು.

ಆ ಸಂಜೆ ಆ ಮನೆಯಲ್ಲಿ ಸದ್ದೇ ಇರಲಿಲ್ಲ. ಹಾಗಾಗಿ ಅತ್ತೆಯ ಉಸಿರು ಅಡುಗೆಮನೆಯವರೆಗೂ ಕೇಳಿತು. ಗೊರಗೊರ ಎಂದು ಒಳಗೆ ಹೋಗುವುದು, ಸಿಳ್ಳೆಯಂತೆ ಹೊರಗೆ ಬರುವುದು. ಇಷ್ಟು ವರ್ಷ ಇದು ಹೀಗೇ ಕೇಳುತ್ತಿತ್ತೇ ಎಂದು ಗಂಡ ಮೆಲ್ಲಗೆ ಕೇಳಿದ. ಸೊಸೆ ಗುಳಿಗೆಯ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಗುಳಿಗೆ ಹಾಕಿ ತಿರುಗಿಸಿದಳು. ಕೊಡುವ ಮುನ್ನ, ತನಗೇ ಅರಿವಿಲ್ಲದೆ, ಅವಳ ತುಟಿ ಊದಲು ಗುಂಡಗಾಯಿತು. ಅತ್ತೆ ಸೆಟೆದ ಬೆರಳುಗಳ ಅಂಗೈಯನ್ನು ಅವಳ ಬಾಯಿಗೆ ಅಡ್ಡ ಹಿಡಿದರು.

"ಬೇಡ ಕಣೇ," ಎಂದರು. ಇಬ್ಬರಿಗೂ ನಗು ಬಂತು. ಆ ಮನೆಯಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಅತ್ತೆ ಇನ್ಹೇಲರ್ ತುಟಿಗಿಟ್ಟು, ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದರು. ಕತ್ತಿನ ನರಗಳು ಉಬ್ಬಿದವು.

"ಸಿಹಿ ಇದೆ," ಎಂದರು. "ಇವತ್ತು ಚೆನ್ನಾಗಿ ಗೊತ್ತಾಯ್ತು."

ಸೊಸೆ ಬಿಚ್ಚಿ ಬೆಳಕಿಗೆ ಹಿಡಿದಳು. ಪುಡಿ ಮುಕ್ಕಾಲು ಪಾಲು ಹಾಗೆಯೇ ಉಳಿದಿತ್ತು. ಎಳೆದುಕೊಳ್ಳುವ ಶಕ್ತಿಯೇ ಆ ಎದೆಯಲ್ಲಿ ಉಳಿದಿರಲಿಲ್ಲ. ತನಗೆ ನೋವಾಗದಿರಲೆಂದು ಅತ್ತೆ ಆಡಿದ ಮೊದಲ ಸುಳ್ಳು ಅದೆಂದು ಅವಳಿಗೆ ಅರ್ಥವಾಯಿತು. ಕಣ್ಣು ತುಂಬಿ ಬಂದರೂ ತೋರಗೊಡದೆ, ಇನ್ಹೇಲರ್ ಮುಚ್ಚಿ, ಅತ್ತೆಯ ಬೆನ್ನಿಗೆ ಕೈ ಕೊಟ್ಟು ಎತ್ತಿ ಕೂರಿಸಿದಳು.

"ಇನ್ನೊಂದ್ ಸಲ ಎಳೀರಿ ಅತ್ತೆ," ಎಂದಳು. "ನಾನು ಹಿಡ್ಕೊಂಡಿದ್ದೀನಿ."