ಕಿಟಕಿ ಡಾಕ್ಟರು

ಸಂಜೆ ಕ್ಲಿನಿಕ್ ಮುಚ್ಚಿದ ಮೇಲೆ ಆಕೆ ನಮ್ಮ ಬೇಕರಿಗೆ ಬಂದು ಒಂದು ಬನ್ ಕೊಳ್ಳುತ್ತಿದ್ದಳು. ಕೊಂಡು ಹೊರಟುಹೋಗುತ್ತಿರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ, ಬೀಗದ ಅಂಗಡಿಯ ಗೋಡೆಗೆ ಒರಗಿ, ಬನ್ನನ್ನು ಚೂರು ಚೂರಾಗಿ ಮುರಿದು ತಿನ್ನುತ್ತ, ತಲೆಯೆತ್ತಿ ನಮ್ಮ ಕಟ್ಟಡವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಆ ಹೊತ್ತಿಗೆ ನಾನು ಮಹಡಿಯ ಕಿಟಕಿಯ ಬಳಿ ಬಿಸ್ಕತ್ತಿನ ಡಬ್ಬಿಗಳನ್ನು ಜೋಡಿಸುತ್ತಿರುತ್ತಿದ್ದೆ.

“ಲೋ, ನಿನ್ನನ್ನೇ ನೋಡ್ತಾಳೆ ಕಣೋ,” ಎಂದಳು ಗಲ್ಲಾದಲ್ಲಿ ಕೂರುವ ನನ್ನ ಅಕ್ಕ.

“ಸುಮ್ನಿರೇ. ಡಾಕ್ಟ್ರು ಅವರು.”

“ಡಾಕ್ಟ್ರಿಗೆ ಕಣ್ಣಿರಲ್ವಾ? ಮುಖದ ಮೇಲಿನ ಹಿಟ್ಟಾದ್ರೂ ಒರೆಸ್ಕೋ. ಬೇಯದ ಬ್ರೆಡ್ ಥರ ಇದ್ದೀಯ.”

ಅಂದಿನಿಂದ ಸಂಜೆಯಾಗುತ್ತಲೇ ತಲೆ ಬಾಚಿಕೊಂಡಿರುತ್ತಿದ್ದೆ. ಒಮ್ಮೆ ಆಕೆ ಕಣ್ಣು ಕಿರಿದು ಮಾಡಿ, ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ ಮೇಲಕ್ಕೆತ್ತಿ ಹಿಡಿದಳು. ನನಗೇ ಸನ್ನೆಯೆಂದುಕೊಂಡು ನಾನೂ ಒಂದು ಬೆರಳು ಎತ್ತಿದೆ. ಆಕೆ ಗಲಿಬಿಲಿಗೊಂಡು ಹೊರಟುಹೋದಳು.

ಊರಿನವರು ಆಕೆಗೆ ಕಿಟಕಿ ಡಾಕ್ಟರು ಎಂದು ಹೆಸರಿಟ್ಟಿದ್ದರು. ಯಾರ ಮನೆಗೆ ರೋಗಿಯನ್ನು ನೋಡಲು ಹೋದರೂ ಮೊದಲು ಕಿಟಕಿ ತೆಗೆದು, ಆಮೇಲೆ ನಾಡಿ ಹಿಡಿಯುವವಳು. ಔಷಧಿಗಿಂತ ಪ್ರಶ್ನೆಗಳೇ ಹೆಚ್ಚು: ಒಲೆ ಎಲ್ಲಿದೆ, ನೀರು ಯಾವ ನಲ್ಲಿಯದು, ಮಕ್ಕಳು ಯಾವ ಮೂಲೆಯಲ್ಲಿ ಮಲಗುತ್ತಾರೆ.

ಕೊನೆಗೆ ಒಂದು ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೇವರನ್ನು ನೆನೆದು, ರಸ್ತೆ ದಾಟಿದೆ.

“ದಿನಾ ನೋಡ್ತೀರಿ,” ಎಂದೆ. “ಏನಾದ್ರೂ ಹೇಳೋದಿದ್ರೆ ಹೇಳಿಬಿಡಿ. ನನ್ನದೇನೂ ಅಭ್ಯಂತರ ಇಲ್ಲ.”

“ಹೇಳಬೇಕು ಅಂತಲೇ ಇದ್ದೆ. ನೀವು ನೊಂದ್ಕೋಬಾರದು.”

“ಇಲ್ಲ, ಇಲ್ಲ.”

“ತುಂಬಾ ಗಿಡ್ಡ.”

ನನಗರಿವಿಲ್ಲದೆಯೇ ಹಿಮ್ಮಡಿ ನೆಲದಿಂದ ಮೇಲೆದ್ದಿತು.

“ಅಯ್ಯೋ, ನೀವಲ್ಲ! ನಿಮ್ಮ ಚಿಮ್ನಿ!” ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ಕಣ್ಣಿಗೆ ಏರಿ ಅಲ್ಲೇ ಉಳಿಯಿತು.

“ಹಾಗಾದ್ರೆ ಆವತ್ತು ಬೆರಳು ಎತ್ತಿದ್ದು?”

“ಗಾಳಿ ಯಾವ ಕಡೆ ಬೀಸುತ್ತೆ ಅಂತ. ನೀವ್ಯಾಕೆ ಎತ್ತಿದ್ರಿ?”

“ನಾನೂ... ಗಾಳಿಗೇ.”

“ಹೌದಾ?” ಎಂದು ಓರೆಗಣ್ಣಿನಲ್ಲಿ ನೋಡಿದಳು. “ಹಾಗಾದ್ರೆ ಬನ್ನಿ, ಆ ಗಾಳಿ ಎಲ್ಲಿಗೆ ಹೋಗುತ್ತೆ ತೋರಿಸ್ತೀನಿ.”

ಬೇಕರಿಯ ಹಿಂದಿನ ಓಣಿಗೆ ನಾನು ಹೋದದ್ದೇ ಅಪರೂಪ. ಸಂಜೆ ಗಾಳಿ ತಿರುಗಿದಾಗ ನಮ್ಮ ಸೌದೆಯ ಭಟ್ಟಿಯ ಹೊಗೆಯೆಲ್ಲ ಅಲ್ಲಿಗೆ ಇಳಿಯುತ್ತಿತ್ತು. ಸಾಲಾಗಿ ಮನೆಗಳು, ಒಂದರ ಕಿಟಕಿಯೂ ತೆರೆದಿರಲಿಲ್ಲ.

“ಊರಿಗೆಲ್ಲ ಕಿಟಕಿ ತೆಗೀರಿ ಅಂತೀನಿ. ಇಲ್ಲಿ ಮಾತ್ರ ಹಾಗನ್ನೋಕೆ ನನಗೆ ಬಾಯೇ ಬರಲ್ಲ,” ಎಂದಳು.

ಒಂದು ಮನೆಯೊಳಗೆ ಇಸ್ತ್ರಿಯವಳ ಪುಟ್ಟ ಮಗಳು ಮಲಗಲಾರದೆ ಗೋಡೆಗೆ ಒರಗಿ ಕುಳಿತಿದ್ದಳು. ಒಂದೊಂದು ಉಸಿರಿಗೂ ಪುಟ್ಟ ಭುಜಗಳು ಮೇಲೇಳುತ್ತಿದ್ದವು. ಆಕೆ ಸ್ಟೆತಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಮೊದಲು ತನ್ನ ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ, ಆಮೇಲೆ ಮಗುವಿನ ಬೆನ್ನಿಗೆ ಇಟ್ಟಳು. ತಾನು ಕೇಳಿ, ಅದನ್ನು ತೆಗೆದು ನನ್ನ ಕಿವಿಗೆ ಹಾಕಿದಳು.

ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂತೆ ಸಣ್ಣ ಸಿಳ್ಳು. ಆ ಸಿಳ್ಳೂ ಆಕೆಯ ಬೆರಳ ಸ್ಪರ್ಶವೂ ಒಟ್ಟಿಗೇ ಬಂದವು. ಹಿಗ್ಗಬೇಕೋ ಅಳಬೇಕೋ ತಿಳಿಯದೆ ನಿಂತೆ.

ಹಿಂದಿರುಗುವಾಗ ಕೇಳಿದೆ: “ಇಷ್ಟು ಓದಿ ಈ ಓಣಿಗೆ ಯಾಕೆ ಬಂದ್ರಿ?”

“ನಮ್ಮಪ್ಪನೂ ಹೀಗೇ ಕೇಳ್ತಾರೆ. ಇದಕ್ಕಿಂತ ಜೋರಾಗಿ.” ಸ್ಟೆತಸ್ಕೋಪನ್ನು ಚೀಲಕ್ಕೆ ಹಾಕುತ್ತ ಹೇಳಿದಳು. “ಅಮ್ಮನಿಗೆ ಕೆಮ್ಮು. ಶೀಶೆಗಟ್ಟಲೆ ಔಷಧಿ ಕುಡಿದ್ರು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟ್ರು ಮನೆಗೇ ಬಂದು, ಅಡುಗೆಮನೆ ನೋಡಿ, ‘ಈ ಗೋಡೆ ಒಡೆದು ಕಿಟಕಿ ಇಡಿ’ ಅಂದ್ರು. ಅಪ್ಪ ಬೈಕೊಂಡೇ ಒಡೆದ್ರು. ಅಮ್ಮ ಕೆಮ್ಮದೆ ನಗೋದನ್ನ ನಾನು ಮೊದಲು ಕೇಳಿದ್ದು ಆಮೇಲೇ. ಆಗಲೇ ಡಾಕ್ಟರಾಗಬೇಕು ಅನ್ನಿಸ್ತು.”

“ದೊಡ್ಡ ಆಸ್ಪತ್ರೆಯಲ್ಲಿದ್ರಂತೆ?”

“ಇದ್ದೆ. ಗುಣ ಮಾಡಿ ಅದೇ ಹೊಗೆಗೆ, ಅದೇ ನೀರಿಗೆ ವಾಪಸ್ ಕಳಿಸ್ತಿದ್ವಿ. ಮತ್ತೆ ಅದೇ ಮುಖಗಳು ಬರೋವು. ಸಾಕಾಯ್ತು.” ಬೇಕರಿಯ ಮುಂದೆ ನಿಂತಳು. “ಓಣಿಯವರು ನಿಮ್ಮ ಹೊಗೆ ವಿರುದ್ಧ ಪುರಸಭೆಗೆ ಅರ್ಜಿ ಕೊಡ್ತಾರೆ. ಮುಂದೆ ನಿಲ್ಲೋಳು ನಾನೇ. ಆಮೇಲೆ ಇಲ್ಲಿ ಬನ್ ಕೇಳೋ ಮುಖ ನನಗಿರಲ್ಲ.”

ಚಿಮಣಿಯನ್ನು ಎತ್ತರಿಸಬೇಕಾದರೆ ಭಟ್ಟಿಯನ್ನು ಆರಿಸಬೇಕಿತ್ತು. ತಾತ ಹಚ್ಚಿದಂದಿನಿಂದ ಆ ಭಟ್ಟಿ ತಣ್ಣಗಾದದ್ದೇ ಇಲ್ಲ. ಅದರ ಕೆಂಡಕ್ಕೆ ಕೈಮುಗಿದೇ ನಮ್ಮ ದಿನ ಶುರುವಾಗುತ್ತಿತ್ತು.

“ಯಾವಳೋ ಕಣ್ಣು ಹಾಕಿದ್ಲು ಅಂತ ತಾತನ ಬೆಂಕಿ ಆರಿಸ್ತೀಯೇನೋ?” ನಾನು ಮಾತೆತ್ತುತ್ತಲೇ ಅಪ್ಪ ಗುಡುಗಿದರು.

“ಕಣ್ಣು ಹಾಕಿದ್ದು ನನ್ನ ಮೇಲಲ್ಲಪ್ಪ, ಚಿಮ್ನಿ ಮೇಲೆ.”

ಅಕ್ಕ ಕಿಸಕ್ಕನೆ ನಕ್ಕಳು. ಅಪ್ಪ ನಗಲಿಲ್ಲ. “ಆ ಓಣಿಯವರ ಜೊತೆ ಸೇರಿದ್ರೆ ಈ ಬಾಗಿಲು ತುಳೀಬೇಡ,” ಎಂದು ಹಿಟ್ಟು ನಾದಲು ಬಗ್ಗಿದರು.

ಆಗ ಕೇಳಿಸಿತು, ಅದೇ ಸಿಳ್ಳು. ಹುಟ್ಟಿದಾಗಿನಿಂದ ಕೇಳುತ್ತಿದ್ದ ಅಪ್ಪನ ಉಸಿರು; ಆದರೆ ಹಾಗೆ ಕಿವಿಗೊಟ್ಟದ್ದು ಅದೇ ಮೊದಲು. ಮರುದಿನ ಕ್ಲಿನಿಕ್ಕಿಗೆ ಹೋಗಿ ಹೇಳಿದೆ: “ಅರ್ಜಿಗೆ ಮುಂಚೆ ಒಂದು ಸಲ ಬನ್ನಿ. ಜಗಳಕ್ಕಲ್ಲ. ಅಪ್ಪನಿಗೆ ಡಾಕ್ಟರಾಗಿ ಬನ್ನಿ.”

ಬಂದಳು. ಅಪ್ಪ ತಲೆಯೆತ್ತಲಿಲ್ಲ.

“ಯಜಮಾನ್ರೇ, ಕೆಮ್ಮು ಎಷ್ಟು ಕಾಲದ್ದು?”

“ಹಿಟ್ಟಿನ ಕೆಲಸದವರಿಗೆ ಕೆಮ್ಮು ಇರೋದೇ ತಾಯಿ. ಅದೇನು ರೋಗ ಅಲ್ಲ.”

“ಇರಲಿ, ಒಂದು ಸಲ ಕೇಳ್ತೀನಿ. ನಿಮ್ಮ ಮನೆ ಬನ್ ತಿಂದ ಋಣ ಇದೆಯಲ್ಲ.”

ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅಪ್ಪನ ಎದೆಗಿಟ್ಟಳು. ಬಹಳ ಹೊತ್ತು ಕೇಳಿದಳು. ಆಮೇಲೆ ಅದನ್ನು ಅಪ್ಪನ ಕಿವಿಗೇ ಹಾಕಿದಳು. ಅಪ್ಪನ ಹಿಟ್ಟು ಮೆತ್ತಿದ ಹುಬ್ಬುಗಳು ಕೂಡಿಕೊಂಡವು.

“ಇದು ನನ್ನದಾ?”

“ನಿಮ್ಮದೇ. ಹಿಂದಿನ ಓಣಿಯ ಮಕ್ಕಳದೂ ಹೀಗೇ ಕೇಳುತ್ತೆ.”

ಅಪ್ಪ ಭಟ್ಟಿಯ ಬಾಯಿಯ ಬಳಿ ಹೋಗಿ ನಿಂತು ಕಣ್ಣು ಮುಚ್ಚಿದರು. ಏನು ಪ್ರಾರ್ಥಿಸಿದರೋ ದೇವರಿಗೇ ಗೊತ್ತು. ತಿರುಗಿದಾಗ ದನಿ ಮೆತ್ತಗಾಗಿತ್ತು. “ಬೆಂಕಿ ಮತ್ತೆ ಹಚ್ಚಬಹುದು. ಗಾರೆಯವರನ್ನ ಕರಿ ತಾಯಿ.”

ಓಣಿಯವರೇ ಇಟ್ಟಿಗೆ ಹೊತ್ತರು. ಭಟ್ಟಿ ತಣ್ಣಗಿದ್ದ ದಿನಗಳಲ್ಲಿ ಅಪ್ಪ ಇಸ್ತ್ರಿಯವಳ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಬಿಸ್ಕತ್ತು ತಿನ್ನಿಸುತ್ತ ಕೆಲಸದವರ ಮೇಲೆ ರೇಗಾಡಿದರು. ಮತ್ತೆ ಬೆಂಕಿ ಹಚ್ಚಿದ ಸಂಜೆ ಹೊಗೆ ನೆಟ್ಟಗೆ ಮೇಲೇರಿ, ಓಣಿಯನ್ನು ದಾಟಿ ಆಕಾಶದಲ್ಲಿ ಕರಗಿತು. ಹಿಂದೆ ಒಂದೊಂದೇ ಕಿಟಕಿಯ ಚಿಲಕ ತೆಗೆದ ಸದ್ದು ಕೇಳಿತು.

ಆಕೆ ಬೀಗದ ಅಂಗಡಿಯ ಗೋಡೆಗೆ ಒರಗಿ ನಿಂತಿದ್ದಳು. ಓಡಿಹೋಗಿ, “ನೋಡಿ, ಮೇಲೆ ನೋಡಿ!” ಎಂದೆ.

ಆಕೆ ಮೇಲೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

“ಅದನ್ನ ನೋಡಿ ಆಯ್ತು,” ಎಂದಳು.

“ಮತ್ತೆ... ಇನ್ನೇನಾದ್ರೂ ಗಿಡ್ಡ ಇದೆಯಾ?”

“ಇದೆ. ನಿಮ್ಮ ಧೈರ್ಯ. ಇಷ್ಟು ದಿನ ಆದ್ರೂ ಕೇಳಬೇಕಾದ್ದನ್ನ ಕೇಳಿಲ್ಲ.”

ಕೇಳಿದೆ. ಏನೆಂದು ಕೇಳಿದೆನೋ ನೆನಪಿಲ್ಲ. ಅವಳು ತನ್ನ ಬನ್ನನ್ನು ಮುರಿದು ಅರ್ಧ ನನ್ನ ಕೈಗಿಟ್ಟದ್ದು ನೆನಪಿದೆ. ಎದುರಿನ ಗಲ್ಲಾದಿಂದ ಅಕ್ಕ, “ಅಪ್ಪಾ, ಬ್ರೆಡ್ ಬೆಂತು!” ಎಂದು ಕೂಗಿದ್ದೂ ನೆನಪಿದೆ.

ಮದುವೆಯಾದ ಮೇಲೂ ಅವಳು ಸುಮ್ಮನೆ ಕೂರಲಿಲ್ಲ. ಓಣಿಯಿಂದ ಓಣಿಗೆ, ನಲ್ಲಿ, ಚರಂಡಿ, ಇಟ್ಟಿಗೆ ಗೂಡು ಎಂದು ಪುರಸಭೆಯ ಮೆಟ್ಟಿಲು ಸವೆಸಿದಳು. ನಾನು ಬನ್ ಕಟ್ಟಿಕೊಂಡು ಹಿಂದೆ ಹಿಂದೆ ನಡೆದೆ. ಕಳೆದ ವರ್ಷ ದೇವರು ಅವಳನ್ನು ಕರೆದುಕೊಂಡ. ಕೊಟ್ಟವನೂ ಅವನೇ, ನನ್ನದು ದೂರಿಲ್ಲ, ಅಳು ಮಾತ್ರ ಇದೆ.

ಈಗ ಭಟ್ಟಿಗೆ ಗ್ಯಾಸ್ ಬಂದಿದೆ, ಹೊಗೆಯೇ ಇಲ್ಲ. ಚಿಮಣಿ ಹಾಗೆಯೇ ನಿಂತಿದೆ. ಸಂಜೆ ಒಂದು ಬನ್ ಹಿಡಿದು ರಸ್ತೆ ದಾಟಿ, ಅದೇ ಗೋಡೆಗೆ ಒರಗುತ್ತೇನೆ. ಹಿಂದಿನ ಓಣಿಯ ತೆರೆದ ಕಿಟಕಿಗಳಿಂದ ಮಕ್ಕಳ ಗದ್ದಲ ಕೇಳಿಬರುತ್ತದೆ. ಚಿಮಣಿಯ ಮೇಲೆ ಆಕಾಶ ತಿಳಿಯಾಗಿರುತ್ತದೆ. ತಲೆಯೆತ್ತಿ ನೋಡುವ ಸರದಿ ಈಗ ನನ್ನದು.