ಗಾರ್ಗಿಯ ಹೊದಿಕೆಯ ಮೇಲಿನ ಬೂದಿ

ಸ್ಯಾನ್ ಹೊಸೆಯಲ್ಲಿ ನಮಗೆ ಮನೆ ಮಾರಿದ್ದು ಸ್ಕಾಟ್ಲೆಂಡಿನ ಒಬ್ಬ ಮುದುಕಿ. ಅವಳ ಊರಿನ ಹುಲ್ಲು ಹೊದಿಸಿದ ಮನೆಗಳಲ್ಲಿ ಒಲೆ ಎಂದೂ ಆರುತ್ತಿರಲಿಲ್ಲವಂತೆ. ಮಲಗುವಾಗ ಕೆಂಡಕ್ಕೆ ಬೂದಿ ಮುಚ್ಚಿ ಕಾಪಾಡುತ್ತಿದ್ದರಂತೆ. ಇಲ್ಲೂ ಹಾಗೆಯೇ ಕಾಪಾಡಿದ್ದ ಕೆಂಡವನ್ನು ನಮಗೆ ಒಪ್ಪಿಸಿ ಹೋದಳು. ಸ್ಮೋಕ್ ಅಲಾರ್ಮಿನ ಕಾಟ ತಾಳದೆ ನಾನು ನೀರು ಸುರಿದು ಒಲೆಯನ್ನು ತೊಳೆದುಬಿಟ್ಟೆ.

ಮರುದಿನ ಬೆಳಿಗ್ಗೆ ಮಗಳು ಗಾರ್ಗಿಯ ಮೈ ತಣ್ಣಗಿತ್ತು, ಹೊದಿಕೆಯ ಮೇಲೆ ತೆಳುವಾಗಿ ಬೂದಿ. ಒರೆಸಿದೆ. ಇನ್ನೂ ತಣ್ಣಗಾದಳು. ದಿನವೂ ಅದೇ. ಡಾಕ್ಟರು ಎಲ್ಲ ನಾರ್ಮಲ್ ಎಂದರು.

“ಹೀಟರು ಎಂಬತ್ತಕ್ಕೆ ಇಟ್ಟಿದೀನಿ ಕಣೇ, ಇನ್ನೇನ್ ಮಾಡ್ಲಿ?” ಗಂಡ ಬೆವರುತ್ತಾ ಅತ್ತ.

ಇವತ್ತು ಒರೆಸಲು ಹೋದಾಗ ಗಾರ್ಗಿ, “ಲೀವ್ ಇಟ್, ಅಮ್ಮಾ,” ಎಂದಳು. ಕೈ ಹಿಂತೆಗೆದೆ. ಮಧ್ಯಾಹ್ನದ ಹೊತ್ತಿಗೆ ಅವಳ ಪಾದ ಬೆಚ್ಚಗಾಗಿದೆ.

ಬೂದಿ ಈಗ ಕುತ್ತಿಗೆಯವರೆಗೆ ಬಂದಿದೆ.