ಕಂಬದ ಮೇಲಿನ ಕೈ

ಮಂಗಳವಾರ, ಮೇ ೧೪, ಬೆಳಿಗ್ಗೆ ೮.೪೦. ಅಲೆಕ್ಸಾಂಡ್ರಿಯಾದ ಸೀದಿ ಯಾಕೂತ್ ಠಾಣೆಗೆ ದೂರು ಕೊಡಲು ಬಂದ ಹೆಂಗಸಿನ ಕೈಯಲ್ಲಿ ಒಂದು ಪೊರಕೆ ಇತ್ತು. ಹೆಸರು ಇನ್ಸಾಫ್, ವಯಸ್ಸು ಅರವತ್ತೊಂದು, ಕಸುಬು ಹೊಲಿಗೆ. ಠಾಣೆಯ ಹಿಂದಿನ ಓಣಿಯಲ್ಲಿ, ಆರಂತಸ್ತಿನ ಹಳೆಯ ಕಟ್ಟಡದ ಕೊನೆಯ ಅಂತಸ್ತಿನಲ್ಲಿ ವಾಸ. ಎದುರಿಗೆ ಹದಿನಾಲ್ಕು ಅಂತಸ್ತಿನ ಹೊಸ ಗೋಪುರ.

ಇನ್ಸ್‌ಪೆಕ್ಟರ್ ಹಾಜಿಮ್ ಷರ್ನೂಬಿಯ ಮೇಜಿನ ಮೇಲೆ ಅವರು ಪೊರಕೆಯನ್ನು ಅಡ್ಡಲಾಗಿ ಇಟ್ಟರು. ಕೋಲಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಗೆರೆಗಳಿದ್ದವು.

"ಜನವರೀಲಿ ನನ್ನ ಬಾಲ್ಕನಿಯಿಂದ ಚಾಚಿದ್ರೆ ಇದು ಎದುರು ಮನೆ ಕಂಬಿಗೆ ಎಟಕ್ತಿರಲಿಲ್ಲ. ಮಾರ್ಚಲ್ಲಿ ಮುಟ್ಟಿತು. ಇವತ್ತು ಕೋಲೇ ಒಂದು ಗೇಣು ಮಿಕ್ಕಿದೆ ಬಾಷಾ. ಪೊರಕೆ ಬೆಳೆದಿಲ್ಲ."

ಪೊಲೀಸ್ ಅಧಿಕಾರಿಯನ್ನು ಇಲ್ಲಿ ಎಲ್ಲರೂ ಬಾಷಾ ಎಂದೇ ಕರೆಯುತ್ತಾರೆ. ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ಬಸ್ಯೂನಿ ನಕ್ಕ. ಹಾಜಿಮ್ ನಗಲಿಲ್ಲ. ಒಂಬತ್ತು ವರ್ಷದ ಹಿಂದೆ ಇದೇ ಠಾಣೆಯ ಸರಹದ್ದಿನಲ್ಲಿ ಒಂದು ಗೋಪುರ ಕುಸಿದು ಹತ್ತೊಂಬತ್ತು ಜನ ಸತ್ತಿದ್ದರು. ಕಾಗದದಲ್ಲಿ ಮಾಲೀಕನಾಗಿದ್ದ ಒಬ್ಬ ಬಡ ಕಾವಲುಗಾರನನ್ನು ಹಾಜಿಮನೇ ಬಂಧಿಸಿದ್ದ. ಅವನು ಜೈಲಿನಲ್ಲೇ ತೀರಿಕೊಂಡ. ಕಟ್ಟಿಸಿದವನ ಹೆಸರು ಕಡತದಲ್ಲಿ ಒಂದು ಕಡೆಯೂ ಬರಲಿಲ್ಲ. ಕಡತ ಮುಚ್ಚಿದ ಸಹಿ ಹಾಜಿಮನದು.

ದೂರು ದಾಖಲಿಸಿಕೊಂಡು ೯.೩೦ಕ್ಕೆ ಹಾಜಿಮ್ ಮತ್ತು ಬಸ್ಯೂನಿ ಓಣಿಗೆ ಹೋದರು. ಜೊತೆಗೆ ಬಂದವಳು ಕಾಲೇಜಿನಲ್ಲಿ ಕಟ್ಟಡ ವಿಜ್ಞಾನ ಕಲಿಸುವ ಇಂಜಿನಿಯರ್ ಲಮ್ಯಾ. ಗೋಪುರದ ಲಿಫ್ಟ್ ಕೆಟ್ಟು ಮೂರು ವಾರವಾಗಿತ್ತು. ಅವಳು ಹದಿನಾಲ್ಕು ಅಂತಸ್ತು ಹತ್ತಿ, ಲಿಫ್ಟಿನ ಖಾಲಿ ಗುಂಡಿಯೊಳಗೆ ತೂಕದ ಗುಂಡು ಕಟ್ಟಿದ ದಾರವನ್ನು ಇಳಿಬಿಟ್ಟಳು. ಕೆಳಗೆ ನಿಂತ ಬಸ್ಯೂನಿ ಅಳೆದ. ದಾರ ನೆಟ್ಟಗಿತ್ತು, ಕಟ್ಟಡ ನೆಟ್ಟಗಿರಲಿಲ್ಲ. ವ್ಯತ್ಯಾಸ ಐವತ್ತೆರಡು ಸೆಂಟಿಮೀಟರ್.

ಲಿಫ್ಟಿನ ಯಂತ್ರದ ಕೋಣೆಯಲ್ಲಿ ಮೆಕ್ಯಾನಿಕ್ ಬರೆದಿಟ್ಟ ಪುಸ್ತಕ ನೇತಾಡುತ್ತಿತ್ತು. ಕೊನೆಯ ಬರಹ ಏಪ್ರಿಲ್ ೨೨ರದು: "ಹಳಿಗಳನ್ನು ಮೂರನೇ ಸಲ ಸರಿಮಾಡಿದೆ. ಇನ್ನು ಸಾಧ್ಯವಿಲ್ಲ. ಕಟ್ಟಡವೇ ವಾಲಿದೆ. ಮಾಲೀಕರಿಗೆ ತಿಳಿಸಿದ್ದೇನೆ." ಬರೆದವನು ಕೆಲಸ ಹುಡುಕಿಕೊಂಡು ಲಿಬಿಯಾಕ್ಕೆ ಹೋಗಿಯಾಗಿತ್ತು.

ಯಾವ ಮಾಲೀಕರಿಗೆ? ಪರವಾನಗಿ ಇದ್ದದ್ದು ಫರ್ಗಲಿ ಎಂಬುವನ ಹೆಸರಿನಲ್ಲಿ, ಆರು ಅಂತಸ್ತಿಗೆ. ಮೇಲಿನ ಎಂಟನ್ನು ಕೆಡವಬೇಕೆಂಬ ಆದೇಶ ಒಂಬತ್ತು ಸಲ ಹೊರಟಿತ್ತು, ಒಂಬತ್ತೂ ಫರ್ಗಲಿಯ ಹೆಸರಿಗೆ. ಕಟ್ಟಿಸಿದವನು ತುಹಾಮಿ ಹಾಜಿ ಎಂದು ಓಣಿಯ ಬೆಕ್ಕಿಗೂ ಗೊತ್ತಿತ್ತು. ಕಾಗದಕ್ಕೆ ಮಾತ್ರ ಗೊತ್ತಿರಲಿಲ್ಲ.

ಲಮ್ಯಾ ಕೆಳಗಿಳಿದು ಬಂದು ಮೊಗಸಾಲೆಯ ದೊಡ್ಡ ಕಂಬಕ್ಕೆ ಹೊದಿಸಿದ್ದ ಮರದ ಹಲಗೆಗಳನ್ನು ಬಿಚ್ಚಿಸಿದಳು. ಕಾಂಕ್ರೀಟಿನಲ್ಲಿ ಓರೆಯಾಗಿ ಬೆರಳು ತೂರುವಷ್ಟು ಬಿರುಕು. ಅದರ ಪಕ್ಕದಲ್ಲೇ, ಎದೆಯ ಎತ್ತರಕ್ಕೆ, ಒಣಗಿ ಕಂದು ಬಣ್ಣಕ್ಕೆ ತಿರುಗಿದ ರಕ್ತದ ಕೈಗುರುತು.

ಅದರಲ್ಲಿ ಆಶ್ಚರ್ಯವೇನಿರಲಿಲ್ಲ. ಮನೆಗೆ ಕಣ್ಣು ತಾಗದಿರಲೆಂದು ಕರು ಕೊಯ್ದು, ಮಾಲೀಕ ತನ್ನ ಬಲಗೈಯನ್ನು ರಕ್ತದಲ್ಲಿ ಅದ್ದಿ ಮೊದಲ ಕಂಬಕ್ಕೆ ಒತ್ತುವುದು ಇಲ್ಲಿ ಎಲ್ಲರೂ ಮಾಡುವುದೇ. ಆದರೆ ಈ ಕೈಯ ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು. ಹಾಜಿಮ್ ಅಳತೆಪಟ್ಟಿ ಇಟ್ಟು ಫೋಟೊ ತೆಗೆಸಿದ. ಮಹಜರು ೧೧.೧೫ಕ್ಕೆ ಮುಗಿಯಿತು.

"ಎಷ್ಟು ಹೊತ್ತು ನಿಲ್ಲುತ್ತೆ, ಇಂಜಿನಿಯರಮ್ಮ?"

"ನಿಮ್ಮ ಜಾಗದಲ್ಲಿ ನಾನಿದ್ರೆ ಇಲ್ಲಿ ನಿಂತು ಈ ಮಾತಾಡ್ತಿರಲಿಲ್ಲ."

ಐವತ್ತೆರಡು ಸಂಸಾರಗಳನ್ನು ಹೊರಗೆ ಕರೆತರುವಷ್ಟರಲ್ಲಿ ೨.೨೦ ಆಯಿತು. ಎದುರಿನ ಕಟ್ಟಡವನ್ನೂ ಖಾಲಿ ಮಾಡಿಸಿದರು. ಇನ್ಸಾಫ್ ಹೊಲಿಗೆ ಯಂತ್ರವನ್ನು ಬಿಟ್ಟು ಬರಲು ಒಪ್ಪಲಿಲ್ಲ. ಬಸ್ಯೂನಿ ಅದನ್ನು ಹೆಗಲ ಮೇಲೆ ಹೊತ್ತು ಇಳಿದ. ೩.೫೦ಕ್ಕೆ, ಗಂಟಲು ಕೆರೆದಂಥ ಒಂದು ಸದ್ದಿನೊಂದಿಗೆ, ಗೋಪುರ ಓಣಿಗೆ ಅಡ್ಡಲಾಗಿ ವಾಲಿ ಇನ್ಸಾಫರ ಬಾಲ್ಕನಿಗೆ ಒರಗಿ ನಿಂತಿತು. ಯಾರೂ ಸಾಯಲಿಲ್ಲ. ಆದರೆ ಇನ್ನು ಎರಡನ್ನೂ ಕೆಡವಬೇಕಿತ್ತು. ನಲವತ್ತು ವರ್ಷ ನೆಟ್ಟಗೆ ನಿಂತ ಮನೆ, ಎದುರಿನವನು ಮಾಡಿದ್ದಕ್ಕೆ ಹೋಗುತ್ತಿತ್ತು.

ಸಂಜೆ ಲಮ್ಯಾ ಕೊಟ್ಟ ವರದಿ ಎರಡು ಪುಟದ್ದು. ಕಟ್ಟಡದ ಒಂದು ಮೂಲೆಯ ಕೆಳಗೆ ಪ್ರಾಚೀನ ಕಾಲದ ನೀರಿನ ತೊಟ್ಟಿ, ಅದರೊಳಗೆ ಸಡಿಲ ಮಣ್ಣು. ಹದಿನೆಂಟು ಮೀಟರ್ ಆಳದ ಬಂಡೆಯವರೆಗೆ ಕಂಬಗಳನ್ನು ಇಳಿಸಬೇಕಿತ್ತು. ಇಳಿಸಿರಲಿಲ್ಲ. ಆರು ಅಂತಸ್ತಿಗೆ ಹಾಕಿದ ತಳಪಾಯದ ಹಾಸಿನ ಮೇಲೆ ಹದಿನಾಲ್ಕನ್ನು ಹೇರಿದ್ದರು. ಕೊರೆಯುವ ಯಂತ್ರ ಈ ಇಕ್ಕಟ್ಟಿನ ಓಣಿಗೆ ಬರುವುದಿಲ್ಲವೆಂಬ ನೆಪವನ್ನು ಎಲ್ಲರೂ ಹೇಳುತ್ತಾರೆಂದು ಲಮ್ಯಾ ತಿಳಿಸಿದಳು. ಬಿಡಿಬಿಡಿಯಾಗಿ ಹೊತ್ತು ತಂದು ಜೋಡಿಸುವ ಸಣ್ಣ ಯಂತ್ರಗಳಿವೆ. ಅಕ್ಕಪಕ್ಕದ ಗೋಡೆ ಅದುರದಂತೆ ನಿಧಾನವಾಗಿ ಕೊರೆಯಬಹುದು.

"ನಾಲ್ಕು ತಿಂಗಳು ತಡ ಆಗ್ತಿತ್ತು, ಅಷ್ಟೆ," ಎಂದಳು.

ಬುಧವಾರ ಬೆಳಿಗ್ಗೆ ೯ಕ್ಕೆ ಫರ್ಗಲಿ ಯಾರೂ ಕರೆಯದೆ ತಾನೇ ಠಾಣೆಗೆ ಬಂದ. ಎಪ್ಪತ್ತರ ಮುದುಕ, ಒಗೆದು ಇಸ್ತ್ರಿ ಮಾಡಿದ ನಿಲುವಂಗಿ, ಬಗಲಲ್ಲಿ ಜೈಲಿಗೆಂದೇ ಕಟ್ಟಿಕೊಂಡ ಬಟ್ಟೆಗಂಟು. ಹೀಗೆ ಹೆಸರು ಬಾಡಿಗೆಗೆ ಕೊಟ್ಟು ಶಿಕ್ಷೆ ಹೊರುವವನನ್ನು ಕಟ್ಟಡ ಕಟ್ಟಿಸುವ ಜನ ಕಾಹೂಲ್ ಎನ್ನುತ್ತಾರೆ.

"ಗೋಪುರ ಕಟ್ಟಿಸಿದ್ದು ನಾನೇ ಬಾಷಾ. ತಪ್ಪಾಯ್ತು."

"ಎಷ್ಟು ಗೋಪುರ ಇವೆ ನಿನಗೆ?"

"ಕಾಗದದಲ್ಲಿ ಮೂರು."

"ಮಲಗೋದೆಲ್ಲಿ?"

"ಮೂರನೇದರ ಮೆಟ್ಟಿಲ ಕೆಳಗೆ. ಗಾಳಿ ಚೆನ್ನಾಗಿದೆ."

"ಮೊಗಸಾಲೆ ಕಂಬದಲ್ಲಿ ಎಷ್ಟು ಕಬ್ಬಿಣದ ಸರಳಿವೆ?"

"ದೇವರಿಗೆ ಗೊತ್ತು."

"ದೇವರನ್ನ ನಾನು ಬಂಧಿಸಿಲ್ಲ. ಕೈ ಕೊಡು."

ಹಾಜಿಮ್ ಅವನ ಅಂಗೈಗೆ ಮೊಹರಿನ ಶಾಯಿ ಹಚ್ಚಿ ಬಿಳಿ ಹಾಳೆಗೆ ಒತ್ತಿಸಿದ. ಐದು ಬೆರಳೂ ಪೂರ್ತಿ ಇದ್ದವು. ಕಂಬದ ಫೋಟೊ ತಂದು ಪಕ್ಕದಲ್ಲಿಟ್ಟ. ಫರ್ಗಲಿ ಎರಡನ್ನೂ ನೋಡಿದ. ಆಮೇಲೆ ಬಟ್ಟೆಗಂಟನ್ನು ಕೆಳಗಿಟ್ಟು, ಕರು ಕೊಯ್ದ ದಿನ ತಾನು ಅಲ್ಲಿ ಎಲ್ಲರಿಗೂ ಟೀ ಕೊಡುತ್ತಿದ್ದೆನೆಂದು ಹೇಳಿದ. ಕೈ ಒತ್ತಲು ತನ್ನನ್ನು ಯಾರೂ ಕರೆಯಲಿಲ್ಲವೆಂದೂ, ಜೈಲಿಗೆ ಇನ್ನೊಬ್ಬರನ್ನು ಕಳಿಸುವವನು ದೇವರ ಕೃಪೆಗೆ ಮಾತ್ರ ತನ್ನದೇ ಕೈ ಇಡುತ್ತಾನೆಂದೂ ಹೇಳಿದ. ಹೇಳಿಕೆಗೆ ಹೆಬ್ಬೆಟ್ಟು ಒತ್ತಿದ.

ಇನ್ನೊಂದು ವಿಷಯ ಇನ್ಸಾಫರಿಂದ ಬಂತು. ತುಹಾಮಿಯ ಮುದಿ ತಾಯಿ ಹದಿನಾಲ್ಕನೇ ಅಂತಸ್ತಿನಲ್ಲಿದ್ದಳು. ಏಪ್ರಿಲ್ ೨೩ರ ಬೆಳಿಗ್ಗೆ ನಾಲ್ವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಲ್ಲಿ ಹೊತ್ತು ಇಳಿಸಿದ್ದರು. ಮಗನೇ ಮುಂದೆ ನಿಂತು ದಾರಿ ಬಿಡಿಸಿದ್ದ. ಮೆಕ್ಯಾನಿಕ್ ಬರೆದಿಟ್ಟ ಮಾರನೇ ದಿನ. ಹಾಜಿಮ್ ಆ ಎರಡು ತಾರೀಕುಗಳನ್ನು ಒಂದರ ಕೆಳಗೊಂದು ಬರೆದ. ಪೆನ್ನಿನ ಮೊನೆ ಹಾಳೆಯನ್ನು ಹರಿಯಿತು.

ಗುರುವಾರ, ಮೇ ೧೬. ಪ್ರಾಸಿಕ್ಯೂಟರ್ ಕಚೇರಿಯ ಬಂಧನದ ಆದೇಶ ೯.೪೫ಕ್ಕೆ ಕೈಸೇರಿತು. ತುಹಾಮಿ ಮನೆಯಲ್ಲಿರಲಿಲ್ಲ. ಎರಡು ಓಣಿಯಾಚೆ, ಹೊಸ ನಿವೇಶನದಲ್ಲಿದ್ದ. ಅಲ್ಲಿಯೂ ಓಣಿ ಅಷ್ಟೇ ಇಕ್ಕಟ್ಟು. ಮೊದಲ ಕಂಬ ಎದ್ದಿತ್ತು. ಕರು ಆಗಲೇ ನೆಲದ ಮೇಲೆ ಬಿದ್ದಿತ್ತು. ತುಹಾಮಿ ಅಂಗಿಯ ತೋಳು ಮಡಚಿಕೊಂಡು ಬಲಗೈಯನ್ನು ರಕ್ತದ ಬೋಗುಣಿಯಿಂದ ಆಗಷ್ಟೇ ಮೇಲೆತ್ತಿದ್ದ.

"ಬನ್ನಿ ಬಾಷಾ, ಒಳ್ಳೇ ಹೊತ್ತಿಗೆ ಬಂದ್ರಿ. ಊಟ ಮಾಡ್ಕೊಂಡೇ ಹೋಗಬೇಕು."

"ಈ ಕಟ್ಟಡ ಯಾರದು ಹಾಜಿ?"

"ಪಾಪ, ಯಾರೋ ಬಡವರದು. ನಾನು ಹರಸೋಕೆ ಬಂದವನು."

ಹಾಜಿಮ್ ಅವನ ಮತ್ತು ಕಂಬದ ನಡುವೆ ನಿಂತು, ಬಸ್ಯೂನಿಯಿಂದ ಬಿಳಿ ಹಾಳೆ ತೆಗೆದುಕೊಂಡು ಅವನ ಮುಂದೆ ಹಿಡಿದ.

"ಒತ್ತಿ."

"ಬಾಷಾ..."

"ಕಂಬಕ್ಕೆ ಒತ್ತೋಕೆ ಎತ್ತಿದ ಕೈ. ಇದಕ್ಕೆ ಒತ್ತಿ."

ಮೇಸ್ತ್ರಿಗಳು, ಕಟುಕ, ಮಾಂಸಕ್ಕೆಂದು ಪಾತ್ರೆ ಹಿಡಿದು ನಿಂತ ನೆರೆಹೊರೆಯವರು ಎಲ್ಲರೂ ನೋಡುತ್ತಿದ್ದರು. ತುಹಾಮಿ ಒತ್ತಿದ. ಹಾಳೆಯ ಮೇಲೆ ಮೂಡಿದ ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು. ೧೦.೨೦ಕ್ಕೆ ಬಂಧನವಾಯಿತು. ಕೈ ತೊಳೆಯಲು ಅವನು ನೀರು ಕೇಳಿದ. ಠಾಣೆಯಲ್ಲಿ ಸಿಗುತ್ತದೆಂದು ಬಸ್ಯೂನಿ ಹೇಳಿದ.

ವಿಚಾರಣೆಯಲ್ಲಿ ತುಹಾಮಿ ಹೆಚ್ಚು ಸುಳ್ಳು ಹೇಳಲಿಲ್ಲ. ಅವನ ತಂದೆ ಈ ಓಣಿಗಳಲ್ಲೇ ಒಂದು ಕಟ್ಟಡದ ಬಾಗಿಲು ಕಾಯುತ್ತಿದ್ದ. ಸಂಸಾರವಿದ್ದದ್ದು ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ. ಸಮುದ್ರ ಮೂರು ಓಣಿಯಾಚೆ ಇದ್ದರೂ ತಾಯಿಗೆ ಮನೆಯಿಂದ ಎಂದೂ ಕಂಡಿರಲಿಲ್ಲ. ಆರನೇ ಅಂತಸ್ತಿನಿಂದಲೂ ಕಾಣುತ್ತಿರಲಿಲ್ಲ, ಹತ್ತರ ಮೇಲೆ ಕಾಣುತ್ತಿತ್ತು. ಹಾಗಾಗಿ ಏರಿಸುತ್ತಲೇ ಹೋದೆ ಎಂದ. ಹಾಜಿಮ್ ಒಂದೇ ಪ್ರಶ್ನೆ ಕೇಳಿದ.

"ಅಮ್ಮನನ್ನ ಇಳಿಸಿದಿರಿ. ಬೇರೆ ಐವತ್ತೆರಡು ಮನೆಗೆ ಯಾಕೆ ಹೇಳಲಿಲ್ಲ?"

ತುಹಾಮಿ ತನ್ನ ಕೈ ನೋಡಿಕೊಂಡ. "ಹೇಳಿದ್ರೆ ಕಟ್ಟಡ ನಂದು ಅಂತ ಒಪ್ಪಿಕೊಂಡ ಹಾಗಾಗ್ತಿತ್ತು."

ಶನಿವಾರ ಬಸ್ಯೂನಿ ಹೋಗಿ ತುಹಾಮಿಯ ತಾಯಿಯ ಹೇಳಿಕೆ ಪಡೆದು ಬಂದ. ಅವಳೀಗ ತಂಗಿಯ ಮನೆಯಲ್ಲಿ, ನೆಲದಂತಸ್ತಿನಲ್ಲಿದ್ದಳು. ಕಿಟಕಿಗೆ ಎದುರು ಗೋಡೆಯಿತ್ತು. ಮೆಟ್ಟಿಲಿಳಿಸುವಾಗ, ನೆರೆಯವರಿಗೂ ಹೇಳಿದೆಯಾ ಎಂದು ತಾನು ಮಗನನ್ನು ಕೇಳಿದ್ದಾಗಿ ಅವಳು ಬರೆಸಿದ್ದಳು. ಎಲ್ಲರಿಗೂ ಹೇಳಿದ್ದೇನೆ ಅಮ್ಮ, ನೀನು ಬಿಗಿಯಾಗಿ ಹಿಡಿದುಕೋ ಎಂದನಂತೆ.

ಹಾಜಿಮ್ ಅದನ್ನು ಎರಡು ಸಲ ಓದಿ, ಸಹಿ ಮಾಡಿ, ಈ ಸಲ ಕಟ್ಟಿಸಿದವನ ಹೆಸರಿದ್ದ ಕಡತಕ್ಕೆ ಸೇರಿಸಿದ.